ಕೈಬಿಸಿಗೆ ಬಿರಿಯುವ ಹರಳು

ನಮ್ಮ ಚಿಕ್ಕಮ್ಮನ ಬಾಯಿಗೆ ಹೆದರಿ ಗಿರಣಿಯ ಮೇಸ್ತ್ರಿಯೇ ದಾರಿ ಬದಲಿಸುತ್ತಿದ್ದ. ಗಂಧಕ ಪುಡಿಮಾಡುವ ಗಿರಣಿಯಲ್ಲಿ ಮೂಟೆ ಹೊಲಿಯುವುದು ಅವಳ ಕೆಲಸ. ದ್ರಾಕ್ಷಿ ತೋಟಕ್ಕೆ ಹೋಗುವ ಮೂಟೆ, ರಬ್ಬರ್ ಕಾರ್ಖಾನೆಗೆ ಹೋಗುವ ಮೂಟೆ, ಕಜ್ಜಿಯ ಮುಲಾಮಿಗೆ ಹೋಗುವ ಚಿಕ್ಕ ಚೀಲ, ಎಲ್ಲದರ ಬಾಯಿಯನ್ನೂ ದಬ್ಬಳದಲ್ಲಿ ಹೊಲಿದು ಮುಚ್ಚುತ್ತಿದ್ದಳು, ತನ್ನದೊಂದನ್ನು ಬಿಟ್ಟು.

ಚಿಕ್ಕಪ್ಪ ಅದಕ್ಕೆ ತದ್ವಿರುದ್ಧ. ಮಾತಾಡಿದರೆ ಮುತ್ತು ಉದುರೀತು ಎನ್ನುವ ಆಸಾಮಿ. ಜ್ವಾಲಾಮುಖಿಯ ಬಾಯಲ್ಲಿ ಗಂಧಕ ಒಡೆದು ತರುವುದು ಅವನ ಕಸುಬು. ಅಲ್ಲಿ ಬಂಡೆಯ ಬಿರುಕುಗಳಿಂದ ಬಿಸಿ ಹಬೆ ಏಳುತ್ತದೆ. ತಣ್ಣನೆಯ ಗಾಳಿ ತಾಗಿದ್ದೇ ತಡ, ಅದರೊಳಗಿನ ಗಂಧಕ ಬಿರುಕಿನ ಅಂಚಿಗೆ ಹಳದಿಯಾಗಿ ಹೆಪ್ಪುಗಟ್ಟುತ್ತದೆ. ಮದುವೆಯಾದ ಹೊಸತರಲ್ಲಿ ಅವನು ಅಲ್ಲಿಂದ ಒಂದು ಹರಳು ತಂದ, ಗಾಜಿನಂತೆ ತಿಳಿಯಾದದ್ದು. ಅವಳ ಮುಷ್ಟಿಯಲ್ಲಿಟ್ಟು ಕಿವಿಯ ಬಳಿ ಹಿಡಿದ. ಚಿಟ್, ಚಿಟ್ ಎಂದಿತು.

“ಅಯ್ಯೋ, ಇದೇನ್ರೀ ಇದು?”

“ಗಂಧಕ. ಕೈ ಬಿಸಿಗೇ ಬಿರಿಯುತ್ತೆ. ಹೆಚ್ಚು ಹೊತ್ತು ಹಿಡೀಬೇಡ, ಚೂರಾಗುತ್ತೆ.”

“ನಿಮಗಿಂತ ಈ ಕಲ್ಲೇ ವಾಸಿ, ಮಾತಾದ್ರೂ ಆಡುತ್ತೆ!”

ಅವನು ನಕ್ಕನಂತೆ. ಕೆಲವೇ ತಿಂಗಳಲ್ಲಿ, ಒಂದು ದಿನ ಬೆಟ್ಟದ ಮೇಲೆ ಗಾಳಿ ತಿರುಗಿ ವಿಷದ ಹಬೆ ಅವನನ್ನು ಮುತ್ತಿತು. ಮನೆಗೆ ಬಂದದ್ದು ಹೆಣ.

ಹರಳು ಹತ್ತಿಯೊಳಗೆ ಸೇರಿ ಡಬ್ಬಿಯಲ್ಲಿ ಕೂತಿತು. ಆ ಸದ್ದು ಮತ್ತೆ ಕೇಳಬೇಕೆಂದು ಚಿಕ್ಕಮ್ಮನ ಜೀವ ಹಾತೊರೆಯುತ್ತಿತ್ತು. ಆದರೆ ಕೇಳಿದಷ್ಟೂ ಅದು ಒಡೆಯುತ್ತದಲ್ಲ. ಮುಚ್ಚಳ ತೆಗೆದು ನೋಡುವಳು, ಮುಟ್ಟದೆ ಮುಚ್ಚುವಳು. ನಾನೊಮ್ಮೆ ಬೆರಳು ಚಾಚಿದ್ದಕ್ಕೆ ಬಿದ್ದ ಏಟು ಇವತ್ತಿಗೂ ಚುರ್ ಎನ್ನುತ್ತದೆ.

ಮುಪ್ಪಿನಲ್ಲಿ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ನನ್ನನ್ನು ಕರೆದು, “ಆ ಡಬ್ಬಿ ತಾರೇ. ಇನ್ನು ಯಾರಿಗೆ ಅಂತ ಕೂಡಿಡ್ಲಿ?” ಎಂದಳು. ಹರಳನ್ನು ಮುಷ್ಟಿಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಕಾದಳು. ಸದ್ದಿಲ್ಲ. ಅವಳ ಕೈ ತಣ್ಣಗೆ ಕೊರೆಯುತ್ತಿತ್ತು. ಹರಳು ಬಿರಿಯುವಷ್ಟು ಬಿಸಿಯೂ ಅದರಲ್ಲಿ ಉಳಿದಿರಲಿಲ್ಲ.

“ಇಷ್ಟು ವರ್ಷ ಹೆದರ್ಕೊಂಡು ಕೂತೆ. ಈಗ ಬೇಕು ಅಂದ್ರೆ ಒಲ್ಲೆ ಅನ್ನುತ್ತಲ್ಲೇ!” ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದೇ ಆಗ.

ನನಗೆ ತಡೆಯಲಾಗಲಿಲ್ಲ. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು ಅವಳ ಮುಷ್ಟಿಯನ್ನು ಸುತ್ತಲೂ ಹಿಡಿದೆ. ಅವಳ ಕೈ ಮೆಲ್ಲಗೆ ಬೆಚ್ಚಗಾಗುವವರೆಗೂ ಇಬ್ಬರೂ ಕಾದೆವು.

ಚಿಟ್.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. “ಸುಮ್ನಿರು,” ಎಂದಳು, ನಾನು ಬಾಯೇ ತೆರೆಯದಿದ್ದರೂ. “ಅವರು ಮಾತಾಡ್ತಿದಾರೆ.”