ಮದ್ದು ಹೊಡೆಯದೆ ಬಿಟ್ಟ ಸಾಲು

ತೀರ್ಥಹಳ್ಳಿ ಕಡೆಯ ಕಾಡಿನಲ್ಲಿ, ಬಿದ್ದು ಕೊಳೆಯುತ್ತಿದ್ದ ಮರವೊಂದರ ಮೇಲೆ ಪುಟ್ಟ ಅಣಬೆಗಳು ಎದ್ದಿದ್ದವು. ಅವುಗಳ ಸುತ್ತ ಬೇರೆ ಬೂಷ್ಟು ಒಂದಿಷ್ಟೂ ಇರಲಿಲ್ಲ. ಅದನ್ನು ಕಂಡೇ ನಾನು ಅವನ್ನು ಕಿತ್ತು ತಂದದ್ದು.

ಸಾಗರದ ಸಣ್ಣ ಪ್ರಯೋಗಾಲಯವೊಂದರಲ್ಲಿ ರಸಾಯನಶಾಸ್ತ್ರದ ಕೆಲಸ ನನ್ನದು. ಅಡಿಕೆಯ ಎಲೆಚುಕ್ಕಿ ರೋಗ ತರುವ ಶಿಲೀಂಧ್ರದ ಪಕ್ಕದಲ್ಲಿ ಆ ಅಣಬೆಯ ಸಾರ ಇಟ್ಟರೆ, ಶಿಲೀಂಧ್ರ ಇದ್ದಲ್ಲೇ ನಿಂತುಬಿಟ್ಟಿತು. ಆದರೆ ಬಿಸಿಲಿಗಿಟ್ಟರೆ ಸಾರದ ಶಕ್ತಿ ಮಧ್ಯಾಹ್ನದೊಳಗೆ ಹೋಗುತ್ತಿತ್ತು. ಅದನ್ನೇ ಮಾದರಿಯಾಗಿಟ್ಟುಕೊಂಡು, ಬಿಸಿಲಿಗೆ ತಡೆಯುವ ಇನ್ನೊಂದು ಮದ್ದನ್ನು ತಯಾರಿಸುವುದರಲ್ಲೇ ನನ್ನ ಎಷ್ಟೋ ವರ್ಷಗಳು ಕಳೆದವು.

ಅಷ್ಟರಲ್ಲಿ ರೋಗ ಹೊಸನಗರದ ಕಡೆಗೂ ಹಬ್ಬಿತು. ಮಾಸ್ತಿಕಟ್ಟೆ ಹತ್ತಿರ ಕೊಟ್ಟಿದ್ದ ನನ್ನ ಅಕ್ಕ ಫೋನ್ ಮಾಡಿದಳು.

"ಸೋಗೆ ಎಲ್ಲ ಸುಟ್ಟ ಹಂಗಾಗಿದೆ ಕಣೇ. ಹೊಡ್ದ ಮದ್ದು ಒಂದೂ ಹಿಡೀತಿಲ್ಲ. ನಿಂದು ಎಂತಾಯ್ತು?"

ನಮ್ಮ ಮದ್ದು ಆಗಷ್ಟೇ ಬಿಸಿಲಿನ ಪರೀಕ್ಷೆ ದಾಟಿತ್ತು. ಅಕ್ಕನ ಅಡಿಕೆ ತೋಟದಲ್ಲೇ ಅದನ್ನು ಪರೀಕ್ಷಿಸುವುದೆಂದಾಯಿತು. ಒಂದು ಸಾಲಿಗೆ ಮದ್ದು, ಅದರ ಪಕ್ಕದ ಸಾಲಿಗೆ ಏನೂ ಇಲ್ಲ. ಹಾಗೆ ಬಿಡದಿದ್ದರೆ, ಮರ ಚೇತರಿಸಿಕೊಂಡದ್ದು ಮದ್ದಿನಿಂದಲೋ ಹವೆಯಿಂದಲೋ ಹೇಳಲಾಗದು. ಅಕ್ಕನೂ ಭಾವನೂ ಒಪ್ಪಿದರು.

ಮುಂದಿನ ಸಲ ಹೋದಾಗ ಮದ್ದು ಬಿದ್ದ ಸಾಲಿನ ಹೊಸ ಸೋಗೆಗಳು ಹಸಿರಾಗಿದ್ದವು. ಪಕ್ಕದ ಸಾಲಿನಲ್ಲಿ ಚುಕ್ಕಿಗಳು ಒಂದಕ್ಕೊಂದು ಕೂಡಿ, ಸೋಗೆಗಳು ಒಣಗಿ ಜೋತುಬಿದ್ದಿದ್ದವು. ಮದುವೆಯಾಗಿ ಬಂದ ವರ್ಷ ಅಕ್ಕ ತಾನೇ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳು ಅವು.

"ಇವಕ್ಕೂ ಹೊಡಿಯೇ" ಎಂದಳು.

"ಆಗಲ್ಲಕ್ಕ. ಈಗ ಹೊಡೆದ್ರೆ ಇಷ್ಟು ದಿನದ್ದೆಲ್ಲ ವ್ಯರ್ಥ."

"ಮದ್ದು ಕೈಯಲ್ಲಿಟ್ಕೊಂಡು ಸಾಯೂದು ನೋಡ್ತಾ ಕೂರೂದಾ? ಎಂತ ಓದು ಮಾರಾಯ್ತಿ ನಿಂದು?"

ಮದ್ದಿನ ಡಬ್ಬ ನನ್ನ ಚೀಲದಲ್ಲೇ ಇತ್ತು. ಅದನ್ನು ಹಾಗೇ ವಾಪಸ್ ಹೊತ್ತುಕೊಂಡು ಬಸ್ ಹತ್ತಿದೆ. ಅಕ್ಕ ಗೇಟಿನವರೆಗೂ ಬರಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಭಾವ ಒಂದು ಫೋಟೊ ಕಳಿಸಿದರು. ಮದ್ದು ಬಿದ್ದ ಸಾಲಿನಲ್ಲೂ ಚುಕ್ಕಿ. ನಾನು ಓಡಿಹೋಗಿ ಆ ಸೋಗೆಯ ತುಂಡುಗಳನ್ನು ಸಾಗರಕ್ಕೆ ತಂದೆ. ಅವುಗಳಿಂದ ಬೆಳೆಸಿದ ಶಿಲೀಂಧ್ರವನ್ನು ನಮ್ಮ ಮದ್ದಿನ ಪಕ್ಕ ಇಟ್ಟೆ. ಅದು ನಿಲ್ಲಲಿಲ್ಲ. ಮದ್ದಿನ ಮೇಲೇ ಹಾದು ಗಾಜಿನ ತಟ್ಟೆಯ ಅಂಚಿನವರೆಗೂ ಹರಡಿತು. ಮತ್ತೆ ಇಟ್ಟು ನೋಡಿದೆ. ಮತ್ತೂ ಹಾಗೆಯೇ. ಅಷ್ಟು ವರ್ಷಗಳ ಕೆಲಸವನ್ನು ಆ ಶಿಲೀಂಧ್ರ ಒಂದೇ ಮಳೆಗಾಲದಲ್ಲಿ ಅರಗಿಸಿಕೊಂಡಿತ್ತು. ಬಾಗಿಲು ಹಾಕಿಕೊಂಡು ಅತ್ತೆ.

ಬಿಟ್ಟ ಸಾಲಿಗೂ ಹೊಡೆದಿದ್ದರೆ ಅದೂ ಉಳಿಯುತ್ತಿರಲಿಲ್ಲ ಎಂಬುದು ಈಗ ಖಚಿತವಾಗಿತ್ತು. ಅದರಿಂದ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಹಾಗೆಂದು ಅಕ್ಕನಿಗೆ ಹೇಳುವುದಾದರೂ ಹೇಗೆ?

ಕೊನೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ.

"ಬೇರೆ ಯಾವ್ದಾದ್ರೂ ಇದ್ಯಾ?" ಎಂದಳು ಅಕ್ಕ.

"ಸದ್ಯಕ್ಕೆ ಇಲ್ಲಕ್ಕ."

"ಹೌದಾ" ಎಂದಳು.

ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆ ಭಾವ ಒಣಗಿದ ಸೋಗೆಗಳನ್ನು ಎಳೆದು ರಾಶಿ ಹಾಕುವ ಸದ್ದು ಕೇಳುತ್ತಿತ್ತು.