ದೈವಕ್ಕಾಗದ ಕೋಳಿ

ಆಗೆಲ್ಲ ದಸರಾ ರಜೆ ಎಂದರೆ ಶಿರ್ವದ ಅಜ್ಜಿಮನೆ. ನಿಮ್ಮಲ್ಲಿ ಹಲವರ ಅಜ್ಜಿಮನೆಗೆ ಬೇಯಿಸಿದ ಭತ್ತದ ವಾಸನೆಯೋ ಕೊಬ್ಬರಿಯ ವಾಸನೆಯೋ ಇದ್ದಿರಬಹುದು. ನಮ್ಮದಕ್ಕೆ ಬ್ರಾಯ್ಲರ್ ಶೆಡ್ಡಿನ ವಾಸನೆ. ಬಸ್ಸಿಳಿದು ಗದ್ದೆಯ ಬದುವಿಗೆ ಕಾಲಿಡುವಾಗಲೇ ಕಣ್ಣು ಉರಿಸುವ ಒಂದು ಘಾಟು ಬಂದು ಹಿಡಿಯುತ್ತಿತ್ತು. ಅಮ್ಮ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ನಾನು ಉದ್ದಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದೆ. ನನ್ನ ಪಾಲಿಗೆ ಅದು ಸದು ಮಾವನ ವಾಸನೆ.

ಸದು ಮಾವ ಅಮ್ಮನ ಅಣ್ಣ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಲಿ. ಚಾವಡಿಯ ಶೋಕೇಸಿನಲ್ಲಿ ಅವರ ಕಪ್ಪುಗಳು ಕಪ್ಪುಗಟ್ಟಿ ನಿಂತಿದ್ದವು. ಆ ಮೇಲೆ ಮನೆ ಹಿಂದಿನ ಗದ್ದೆಗೆ ಮಣ್ಣು ತುಂಬಿಸಿ ಉದ್ದನೆಯ ಶೆಡ್ಡು ಕಟ್ಟಿದರು. ಮರಿ ಕಂಪೆನಿಯದ್ದು, ಆಹಾರ ಕಂಪೆನಿಯದ್ದು, ಮದ್ದು ಕಂಪೆನಿಯದ್ದು. ಶೆಡ್ಡು ಮತ್ತು ಮೈಮುರಿಯುವ ದುಡಿಮೆ ಮಾತ್ರ ಮಾವನದ್ದು. ಲಾರಿಯಲ್ಲಿ ಹಳದಿ ಹತ್ತಿಯುಂಡೆಗಳಂತೆ ಬಂದ ಮರಿಗಳು ತಿಂಗಳೊಪ್ಪತ್ತಿನಲ್ಲಿ ತಮ್ಮ ಮೈಭಾರ ತಾವೇ ಹೊರಲಾರದೆ ಕುಳಿತುಬಿಡುತ್ತಿದ್ದವು. ಆಗ ಇನ್ನೊಂದು ಲಾರಿ ಬಂದು ಒಯ್ಯುತ್ತಿತ್ತು.

ಆ ವರ್ಷ ನಾನು ಏಳನೇ ತರಗತಿ. ರಜೆ ಮುಗಿದ ಕೂಡಲೇ ಉಡುಪಿಯಲ್ಲಿ ಅಂತರಶಾಲಾ ಚರ್ಚೆ. ವಿಷಯ: ಕಾರ್ಖಾನೆಯಂತೆ ಆಹಾರ ಉತ್ಪಾದಿಸುವುದು ಆರೋಗ್ಯಕ್ಕೆ ಮಾರಕ. ಚೀಟಿ ಎತ್ತಿದಾಗ ನನಗೆ ಬಂದದ್ದು ವಿರೋಧ ಪಕ್ಷ. ಅಂದರೆ ಮಾರಕವಲ್ಲ ಎಂದು ನಾನು ಸಾಧಿಸಬೇಕು. ಟೀಚರು "ಪಾಪ, ಕಷ್ಟದ ಪಕ್ಷ ಸಿಕ್ಕಿತು" ಎಂದರು. ನಾನು ಒಳಗೊಳಗೇ ನಕ್ಕೆ. ನನಗೆ ಸದು ಮಾವ ಉಂಟಲ್ಲ!

ಮಾವ ವಿಷಯ ಕೇಳಿದ್ದೇ ತಡ, ಪಂಚೆ ಎತ್ತಿ ಕಟ್ಟಿದರು. "ಮೊದಲು ಸಾಕ್ಷಿ, ಆಮೇಲೆ ಸ್ವರ. ಬೊಬ್ಬೆ ಹೊಡೆಯುವವನ ಹತ್ತಿರ ಸಾಕ್ಷಿ ಇಲ್ಲ ಅಂತಲೇ ಲೆಕ್ಕ" ಎಂದರು. ಈ ಮಾತನ್ನು ನಾನು ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಯಾರು ಹೇಳಿದ್ದು ಅಂತ ಹೇಳುವುದಿಲ್ಲ.

ನಮ್ಮ ಅಭ್ಯಾಸ ನಡೆಯುತ್ತಿದ್ದದ್ದು ಶೆಡ್ಡಿನ ಎದುರು, ಆಹಾರದ ಗೋಣಿಗಳ ಮೇಲೆ ಕುಳಿತು. ಸಭಿಕರೆಂದರೆ ಒಬ್ಬಳೇ: ರೇಣುಕಾ. ಅವಳ ಅಪ್ಪ ಗದಗದ ಕಡೆಯವರು. ಊರಿನಲ್ಲಿ ಏಳುತ್ತಿದ್ದ ಗಲ್ಫ್ ಹಣದ ಮನೆಗಳಿಗೆ ಕಲ್ಲು ಕಟ್ಟುತ್ತಿದ್ದರು. ನಮ್ಮ ತೋಟದ ಅಂಚಿನ ಶೀಟಿನ ಕೋಣೆಯಲ್ಲಿ ಅವರ ವಾಸ. ನನ್ನದೇ ವಯಸ್ಸಿನ ರೇಣುಕಾ ತಮ್ಮ ಸಂಗುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕುಂಟೆಬಿಲ್ಲೆ ಆಡುತ್ತಿದ್ದಳು, ಆಡಿ ನನ್ನನ್ನು ಸೋಲಿಸುತ್ತಲೂ ಇದ್ದಳು. ಸಂಗು ತೀರ ಬಡಕಲು. ಮೊಟ್ಟೆ, ಮಾಂಸ ಕೊಡಿ ಎಂದು ಅಂಗನವಾಡಿಯಲ್ಲಿ ಹೇಳಿದ್ದರಂತೆ. ಅದು ತಿಳಿದಂದಿನಿಂದ ಮಾವ ವಾರಕ್ಕೊಂದು ಕೋಳಿ ಅವರ ಕೋಣೆಗೆ ಕಳಿಸುತ್ತಿದ್ದರು, ಸುಮ್ಮನೆ. ರೇಣುಕಾಳ ಅವ್ವ ಯಲ್ಲವ್ವ ಅದನ್ನು ತೆಗೆದುಕೊಳ್ಳುವಾಗ ಕೋಳಿಯನ್ನೇ ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದರು.

ನಾನು ಎದುರು ಪಕ್ಷದವಳಾಗಿ ಕೇಳುವುದು, ಮಾವ ಉತ್ತರಿಸುವುದು. ಹಾಗೆ ನಡೆಯುತ್ತಿತ್ತು.

"ಬ್ರಾಯ್ಲರಿಗೆ ಹಾರ್ಮೋನ್ ಇಂಜೆಕ್ಷನ್ ಕೊಡ್ತಾರಂತೆ!"

"ಎಂತದು? ಇಷ್ಟು ಕೋಳಿಯನ್ನು ಒಂದೊಂದಾಗಿ ಹಿಡಿದು ಸೂಜಿ ಚುಚ್ಚಲಿಕ್ಕೆ ನನಗೆ ಮರುಳಾ? ಅದು ತಳಿಯ ಗುಣ, ಮಾರಾಯ್ತಿ."

ಇದು ಸತ್ಯ. ದೊಡ್ಡವಳಾದ ಮೇಲೆ ನಾನೇ ಹುಡುಕಿ ಓದಿದ್ದೇನೆ. ಆ ಹಾರ್ಮೋನ್ ಕತೆ ಬರೀ ಕತೆ. ಮಾವ ಹೇಳಿದ್ದೆಲ್ಲ ಸುಳ್ಳಾಗಿದ್ದರೆ ಎಷ್ಟು ಸುಲಭವಿತ್ತು!

"ಮತ್ತೆ ನೀರಿನ ಟ್ಯಾಂಕಿಗೆ ಹಾಕುವ ಆ ಬಿಳಿ ಹುಡಿ?"

"ಸೀಕಿಗೆ ಮದ್ದು. ನಿನಗೆ ಜ್ವರ ಬಂದರೆ ಕೊಡುವುದಿಲ್ವಾ? ಕೋಳಿ ಮಾರುವ ಎಷ್ಟೋ ದಿನ ಮೊದಲೇ ನಿಲ್ಲಿಸಬೇಕು, ಅದು ನಿಯಮ."

ನಿಲ್ಲಿಸಬೇಕು ಎಂದರು. ನಿಲ್ಲಿಸುತ್ತೇನೆ ಎನ್ನಲಿಲ್ಲ. ಇವತ್ತಾಗಿದ್ದರೆ ಅಲ್ಲಿಯೇ ಹಿಡಿಯುತ್ತಿದ್ದೆ.

ರವಿವಾರ ಕೋರಿ ರೊಟ್ಟಿ. ಹುರಿದ ಕೊತ್ತಂಬರಿ, ಮೆಣಸು, ತೆಂಗಿನ ಹಾಲು ಸೇರಿದ ಕೋಳಿ ಗಸಿಯ ಪರಿಮಳ ಶೆಡ್ಡಿನ ಘಾಟನ್ನೂ ಅಂಗಳದಾಚೆಗೆ ಅಟ್ಟುತ್ತಿತ್ತು. ಗರಿಗರಿ ರೊಟ್ಟಿಯನ್ನು ಪಟಪಟ ಮುರಿದು, ಮೇಲೆ ಗಸಿ ಹೊಯ್ದು, ಅದು ಮೆತ್ತಗಾಗುವ ಮೊದಲೇ ಬಾಯಿಗಿಡಬೇಕು. ಮೊದಲ ತುತ್ತು ಗಂಟಲಿಳಿಯುವ ಮುಂಚೆಯೇ ಎದುರು ನಿಂತ ಮಾವನ ಪ್ರಶ್ನೆ: "ಹೇಗುಂಟು?"

"ಸೂಪರ್ ಮಾವ. ಆದರೆ ಎಲುಬು ಗಟ್ಟಿ."

"ಅಜ್ಜಿ ಸೌದೆ ಒಲೆಯಲ್ಲಿ ಬೇಯಿಸಿದ್ದಲ್ವಾ, ಹಾಗೆ. ಶೆಡ್ಡಿನದ್ದೇ ಕೋಳಿ. ನಾವೂ ಇದನ್ನೇ ತಿನ್ನುವುದು. ನಿನ್ನ ಭಾಷಣದ ಕೊನೆ ಇದೇ ಇರಲಿ. 'ನಾವು ಬೆಳೆಸಿದ್ದನ್ನು ನಾವೇ ಉಣ್ಣುತ್ತೇವೆ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದುಂಟು?' ಹೇಳಿ ಎರಡು ಕ್ಷಣ ಸುಮ್ಮನೆ ನಿಲ್ಲು. ಚಪ್ಪಾಳೆ ತಾನೇ ಬರ್ತದೆ."

ಬಂತು. ಉಡುಪಿಯ ಆ ಸಭಾಂಗಣದಲ್ಲಿ ಎರಡು ಕ್ಷಣ ನಿಂತೆ, ಚಪ್ಪಾಳೆ ತಾನೇ ಬಂತು. ಮೊದಲ ಬಹುಮಾನವಾಗಿ ಒಂದು ಕೆಂಪು ಹಾಟ್‌ಬಾಕ್ಸ್ ಕೊಟ್ಟರು. ಗಸಿ ಬಿಸಿಯಾಗಿಡಲಿಕ್ಕೆ ಆಯಿತು ಎಂದು ನಕ್ಕು ಅಮ್ಮ ಅದನ್ನು ಅಜ್ಜಿಮನೆಗೇ ಕೊಟ್ಟಳು.

ದೀಪಾವಳಿ ಕಳೆದು ಅಜ್ಜಿಮನೆಯಲ್ಲಿ ಅಗೆಲು. ಅಗೆಲು ಎಂದರೆ ಮನೆಯ ದೈವಕ್ಕೆ ಬಾಳೆಲೆಯ ಮೇಲೆ ಕೋಳಿಯೂಟ ಬಡಿಸುವ ಸೇವೆ. ದೈವಕ್ಕೆ ಬಡಿಸಿದ ಮೇಲೆ ಊರಿಗೆ ಊಟ. ದೈವಕ್ಕೆ ಊರ ಕೋಳಿಯೇ ಆಗಬೇಕು, ಅಂಗಳ ಕೆದಕಿ ಹುಳ ಹೆಕ್ಕಿ ತಿಂದು ಬೆಳೆದದ್ದು. ಅದಕ್ಕೆಂದೇ ಅಜ್ಜಿ ಹಲಸಿನ ಮರದ ಬುಡದಲ್ಲಿ ಕೆಲವನ್ನು ಬಿಟ್ಟುಕೊಂಡಿದ್ದರು. ಬ್ರಾಯ್ಲರ್ ಯಾಕಾಗುವುದಿಲ್ಲ ಎಂದು ನಾನು ಕೇಳಿದ್ದಕ್ಕೆ ಅಜ್ಜಿ, "ಅದು ದೈವಕ್ಕೆ ಸಲ್ಲುವುದಿಲ್ಲ" ಎಂದಷ್ಟೇ ಹೇಳಿದ್ದರು. ನನ್ನೊಳಗಿನ ಪುಟ್ಟ ವಕೀಲೆ ಅದನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿ ಮುಂದೆ ಹೋಗಿದ್ದಳು.

ಅಂಗಳದಲ್ಲಿ ಚಪ್ಪರ. ನೆರೆಕರೆಯವರೆಲ್ಲ ಬಂದಿದ್ದರು. ಎಲೆ ಹಾಕುವ ಮೊದಲು ಮಾವ ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿದರು. "ನಮ್ಮ ಹುಡುಗಿ ಉಡುಪಿಯಲ್ಲಿ ಎಂತ ಹೇಳಿದ್ದು ಕೇಳಿ!" ಹೇಳಿದೆ. ಕೊನೆಯ ವಾಕ್ಯಕ್ಕೆ ಬಂದಾಗ ಸಾಲಿನಲ್ಲಿ ಕುಳಿತಿದ್ದ ರೇಣುಕಾ ನನ್ನ ಜೊತೆ ಬಾಯಿ ಕುಣಿಸಿದಳು. ಅವಳಿಗೆ ಅದು ಬಾಯಿಪಾಠ. ಎರಡು ಕ್ಷಣ ನಿಂತೆ. ಚಪ್ಪರವಿಡೀ ಚಪ್ಪಾಳೆ.

ಹೋಗಿ ರೇಣುಕಾಳ ಪಕ್ಕ ಕುಳಿತೆ. ಅವಳ ಆಚೆ ಅವಳ ಅವ್ವ, ಅವ್ವನ ತೊಡೆಯ ಮೇಲೆ ಸಂಗು. ದೊಡ್ಡ ಕಡಾಯಿಯಿಂದ ಬಕೆಟ್ಟಿಗೆ ತುಂಬಿಸಿ ಗಸಿ ಬಡಿಸುತ್ತ ಬಂದವರು ರೇಣುಕಾಳಿಗೆ ಹಾಕಿದರು, ನನ್ನ ಎಲೆ ದಾಟಿ ಮುಂದೆ ಹೋದರು. ಹಿಂದೆಯೇ ಅಜ್ಜಿ ಒಂದು ಸಣ್ಣ ಪಾತ್ರೆ ಹಿಡಿದು ಒಳಗಿನಿಂದ ಬಂದು ನನಗೆ ಬಡಿಸಲು ಬಾಗಿದರು.

"ಅಜ್ಜಿ, ನನಗೂ ಬಕೆಟ್ಟಿನದ್ದೇ ಸಾಕು. ರೇಣುಕಾಳಿಗೆ ಹಾಕಿದ್ದು."

ಅಜ್ಜಿ ಸ್ವರ ತಗ್ಗಿಸಿ ತುಳುವಿನಲ್ಲಿ ಹೇಳಿದರು: "ಅವು ನಂಕತ್ತ್ ಮಗಾ. ಮರ್ದ್ ಪರ್ಪಿನ ಕೋರಿ." ಅದು ನಮಗಲ್ಲ, ಮದ್ದು ಕುಡಿಯುವ ಕೋಳಿ ಎಂದು. ನಿನ್ನೆಯೂ ಸದು ಟ್ಯಾಂಕಿಗೆ ಹುಡಿ ಹಾಕಿದ್ದಾನೆ, ನಾವು ಯಾವತ್ತು ಅದನ್ನು ಒಲೆಗೆ ಏರಿಸಿದ್ದುಂಟು ಎಂದೂ ಸೇರಿಸಿದರು.

ಘಟ್ಟದಾಚೆಯಿಂದ ಬಂದವರಿಗೆ ತುಳು ತಿಳಿಯುವುದಿಲ್ಲ ಎಂಬ ಧೈರ್ಯ ನಮ್ಮವರಿಗೆ. ಅವರೊಡನೆ ಕನ್ನಡ ಮಾತಾಡಿ, ಅವರ ಬಗ್ಗೆ ತುಳುವಿನಲ್ಲಿ ಮಾತಾಡುತ್ತೇವೆ. ಆದರೆ ಇಲ್ಲಿ ಕೂಲಿಗೆ ಬಂದವರು ಕಲ್ಲು ಹೊರುವುದರ ಜೊತೆಗೇ ಕಲಿಯುವುದು ತುಳು. ಅದಿಲ್ಲದೆ ಮೇಸ್ತ್ರಿಯ ಬೈಗುಳವೂ ಅರ್ಥವಾಗುವುದಿಲ್ಲ.

ರೇಣುಕಾಳ ಅವ್ವ ಕೋಳಿ ತುಂಡನ್ನು ಎಳೆಎಳೆಯಾಗಿ ಬಿಡಿಸಿ ಸಂಗುವಿನ ಬಾಯಿಗಿಡುತ್ತಿದ್ದವರು ನಿಲ್ಲಿಸಿದರು. ಬೆರಳಲ್ಲಿದ್ದ ಎಳೆ ಬೆರಳಲ್ಲೇ ಉಳಿಯಿತು. ಸಂಗು ಬಾಯಿ ತೆರೆದುಕೊಂಡೇ ಕಾಯುತ್ತಿದ್ದ.

ಮಾವ ಉಪಚಾರ ಮಾಡುತ್ತ ನಮ್ಮ ಸಾಲಿಗೇ ಬಂದರು. "ಎಂತ ಯಲ್ಲವ್ವ, ಸಾಕಷ್ಟು ಬಡಿಸಿದರಾ?"

"ಅಣ್ಣಾರ, ವಾರ ವಾರ ಕೊಡೋದು ಇದಽ ಕೋಳಿ ಏನ್ರಿ?"

"ಹೌದು. ಯಾಕೆ?"

"ಕೂಸಿಗೆ ಏನೂ ಆಗಂಗಿಲ್ಲಲ್ರಿ?"

"ಛೆ, ಎಂತ ಆಗ್ತದೆ! ಕಂಪೆನಿಯ ಡಾಕ್ಟರೇ ಹೇಳ್ತಾರೆ."

"ಹಂಗಾದ್ರ ನೀವೂ ಒಂದ್ ತುತ್ತು ತಿನ್ರಿ. ನನಗ ಧೈರ್ಯ ಬರ್ತದ."

ಯಲ್ಲವ್ವನ ದನಿಯಲ್ಲಿ ಕೊಂಕು ಇರಲಿಲ್ಲ. ಅವರಿಗೆ ನಿಜಕ್ಕೂ ಧೈರ್ಯ ಬೇಕಿತ್ತು. ನನಗೂ ಬೇಕಿತ್ತು. ನಾನು ಮಾವನ ಮುಖವನ್ನೇ ನೋಡುತ್ತಿದ್ದೆ. ತಿನ್ನಿ ಮಾವ, ಒಂದೇ ಒಂದು ತುತ್ತು, ಅಜ್ಜಿಗೆ ಗೊತ್ತಿಲ್ಲ ಅಂತ ಹೇಳಿ.

ಮಾವ ನಕ್ಕರು. "ನನ್ನ ಊಟ ಆಯಿತಲ್ಲ ಮಾರಾಯ್ತಿ. ಕೈ ತೊಳೆದಾಯಿತು."

ಅಗೆಲಿನ ದಿನ ಮನೆಯ ಯಜಮಾನ ಕೊನೆಯ ಸಾಲು ಏಳದೆ ಉಣ್ಣಲು ಕೂರುವುದಿಲ್ಲ. ಆ ಚಪ್ಪರದಲ್ಲಿದ್ದ ಮಕ್ಕಳಿಗೂ ಅದು ಗೊತ್ತು. ನಮ್ಮದು ಮೊದಲ ಸಾಲು.

ಯಲ್ಲವ್ವ ಸೆರಗಿನ ತುದಿಯಿಂದ ಸಂಗುವಿನ ಬಾಯಿ ಒರೆಸಿದರು. "ಇರ್ಲಿ ಬಿಡ್ರಿ" ಎಂದು ಎದ್ದರು. ರೇಣುಕಾ ಏಳುವ ಮೊದಲು ನನ್ನ ಎಲೆಯಲ್ಲಿದ್ದದ್ದನ್ನು ನೋಡಿದಳು, ಆಮೇಲೆ ನನ್ನನ್ನು.

"ನಿನಗ ಮೊದ್ಲಽ ಗೊತ್ತಿತ್ತೇನು?"

"ದೇವರಾಣೆ ಇಲ್ಲ."

ನಂಬಿದಳೋ ಇಲ್ಲವೋ. ನಾನು ಅವಳಾಗಿದ್ದರೆ ನಂಬುತ್ತಿರಲಿಲ್ಲ. ಸಾಕ್ಷಿ ನನ್ನ ವಿರುದ್ಧವಾಗಿತ್ತು. ಅದನ್ನು ಕುರ್ಚಿಯ ಮೇಲೆ ನಿಂತು ನಾನೇ ಒದಗಿಸಿದ್ದೆ.

ಸಂಜೆ ಶೆಡ್ಡಿಗೆ ಹೋದೆ. ಮಾವ ನೆಲದ ಹೊಟ್ಟು ತಿರುವಿ ಹಾಕುತ್ತಿದ್ದರು.

"ನಾವೂ ಇದನ್ನೇ ತಿನ್ನುವುದು ಅಂತ ಯಾಕೆ ಹೇಳಿದ್ದು?"

"ನಿನ್ನ ಭಾಷಣಕ್ಕೆ ಒಳ್ಳೆಯ ಕೊನೆ ಬೇಕಿತ್ತು. ಕೊಟ್ಟೆ. ಗೆದ್ದೆಯಲ್ವಾ?"

"ಮೊದಲು ಸಾಕ್ಷಿ ಅಂತ ನೀವೇ ಹೇಳಿಕೊಟ್ಟದ್ದು."

ಮಾವ ಸಲಿಕೆಗೆ ಒರಗಿ ನಿಂತರು. ಹಳೆಯ ಚರ್ಚಾಪಟು ಎದ್ದು ಬಂದಿದ್ದ. "ಎಲ್ಲದಕ್ಕೂ ಸಾಕ್ಷಿ ಕೇಳಿದೆ. ಇದಕ್ಕೆ ಕೇಳಿದೆಯಾ?"

ಕೇಳಿರಲಿಲ್ಲ. ಇಂಜೆಕ್ಷನ್ನಿಗೆ ಕೇಳಿದ್ದೆ, ಹುಡಿಗೆ ಕೇಳಿದ್ದೆ. ಇದೊಂದಕ್ಕೆ ಕೇಳಿರಲಿಲ್ಲ, ಯಾಕೆಂದರೆ ಹೇಳಿದವರು ನನ್ನ ಮಾವ. ಅದಕ್ಕೂ ಕೇಳಬೇಕು ಎಂದು ಯಾರೂ ಕಲಿಸಿರಲಿಲ್ಲ. ಅವರೇ ಕಲಿಸಿದರು, ಆವತ್ತು.

ಮುಂದಿನ ರಜೆಯಲ್ಲಿ ಶೀಟಿನ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ರೇಣುಕಾಳ ಅಪ್ಪನಿಗೆ ನಂದಿಕೂರಿನ ಕಡೆ ಕೆಲಸ ಸಿಕ್ಕಿತೆಂದು ಅಜ್ಜಿ ಹೇಳಿದರು. ಅಗೆಲಿನ ಮರುವಾರ ಮಾವ ಕಳಿಸಿದ ಕೋಳಿಯನ್ನು ಯಲ್ಲವ್ವ ಕಾಲು ಕಟ್ಟಿದಂತೆಯೇ ತಂದು ನಮ್ಮ ಜಗಲಿಯಲ್ಲಿಟ್ಟು ಹೋಗಿದ್ದರಂತೆ.

ಈಗ ನೀವು ಪ್ರತಿವಾದ ಹೂಡಬಹುದು: ಸಂಗುವಿಗೆ ಆ ಕೋಳಿಯಿಂದ ಏನಾದರೂ ಆಯಿತಾ? ನನಗೆ ಗೊತ್ತಿಲ್ಲ. ಆಯಿತು ಎಂದು ನಾನು ಎಲ್ಲಿಯೂ ಹೇಳುವುದಿಲ್ಲ, ಸಾಕ್ಷಿಯಿಲ್ಲ. ಅವನು ಅದರಿಂದಲೇ ಗಟ್ಟಿಯಾಗಿ ಈಗ ಅಪ್ಪನಿಗಿಂತ ಎತ್ತರ ಬೆಳೆದಿರಲೂಬಹುದು. ಕಡಿಮೆ ಬೆಲೆಗೆ ಮಾಂಸ ಸಿಕ್ಕಿದ್ದು ಬ್ರಾಯ್ಲರಿನಿಂದ ಎಂಬ ನನ್ನ ಅಂದಿನ ವಾದವನ್ನೂ ನಾನು ಹಿಂತೆಗೆದುಕೊಂಡಿಲ್ಲ. ನನ್ನ ತಕರಾರು ಒಂದೇ ಕಡೆ ನಿಂತಿದೆ: ಸಾಲು ಒಂದು, ಪಾತ್ರೆ ಎರಡು. ಬೆಳೆಸುವವನಿಗೆ ಗೊತ್ತಿದ್ದದ್ದು ಉಣ್ಣುವವಳಿಗೆ ಗೊತ್ತಿರಲಿಲ್ಲ. ಇವತ್ತು ಉಡುಪಿಯ ಅಂಗಡಿಯಲ್ಲಿ "ಅಜ್ಜಿಯ ಕೈರುಚಿ" ಎಂದು ಅಚ್ಚು ಹಾಕಿದ ಮಸಾಲೆ ಪ್ಯಾಕೆಟ್ಟು ಎತ್ತುವಾಗ, ಕಾಪುವಿನ ಹೆದ್ದಾರಿ ಹೋಟೆಲಿನ "ಊರ ಕೋಳಿ ಸುಕ್ಕ" ಬೋರ್ಡು ನೋಡುವಾಗ ನಾನು ಕೇಳುವುದು ಇಷ್ಟೇ: ಇದನ್ನು ಮಾಡಿದವರು ತಮ್ಮ ಮಕ್ಕಳಿಗೂ ಇದನ್ನೇ ಬಡಿಸುತ್ತಾರಾ? ಸಪ್ಲೈಯರ್ ಹುಡುಗರು ನಗುತ್ತಾರೆ. ಜೊತೆಗಿರುವ ಗೆಳೆಯರು "ಉಣ್ಣು ಮಾರಾಯ್ತಿ ಸುಮ್ಮನೆ" ಎನ್ನುತ್ತಾರೆ. ಸುಮ್ಮನೆ ಉಣ್ಣುವುದು ಹೇಗೆಂದು ನನಗೆ ಮರೆತುಹೋಗಿದೆ.

ಮಾವನ ಶೆಡ್ಡು ಈಗಲೂ ಉಂಟು, ಇನ್ನಷ್ಟು ಉದ್ದವಾಗಿದೆ. ಕಳೆದ ತಿಂಗಳು ಏನೋ ಕೆಲಸಕ್ಕೆ ಮಣಿಪಾಲಕ್ಕೆ ಬಂದವರು ನನ್ನ ಕೋಣೆಗೂ ಬಂದರು. ಕೈಯಲ್ಲಿ ರೊಟ್ಟಿಯ ಕಟ್ಟು, ಅದೇ ಕೆಂಪು ಹಾಟ್‌ಬಾಕ್ಸ್, ಮುಚ್ಚಳದ ಬಣ್ಣ ಮಾಸಿದೆ. "ಅಜ್ಜಿ ಸಾಕಿದ ಊರ ಕೋಳಿ. ಬೆಳಿಗ್ಗೆ ಕೊಯ್ದದ್ದು. ಬಿಸಿ ಇರುವಾಗಲೇ ಉಣ್ಣು" ಎಂದರು.

ಮುಚ್ಚಳ ತೆಗೆದೆ. ಹುರಿದ ಕೊತ್ತಂಬರಿ, ತೆಂಗಿನ ಹಾಲು, ಸೌದೆಯ ಹೊಗೆ. ಹಿಂದೆ ಆಗಿದ್ದರೆ ಬೆರಳದ್ದಿ ಚೀಪಿಬಿಡುತ್ತಿದ್ದೆ. ಎರಡು ಬಟ್ಟಲು ತಂದೆ. ರೊಟ್ಟಿ ಮುರಿದು, ಗಸಿ ಹೊಯ್ದು, ಮೊದಲನೆಯದನ್ನು ಮಾವನ ಕೈಗೆ ಕೊಟ್ಟೆ. ನನ್ನದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಮಾವ ಬಟ್ಟಲು ನೋಡಿದರು, ನನ್ನನ್ನು ನೋಡಿದರು. ಅರ್ಥವಾಯಿತು. ಒಂದು ತುತ್ತು ತಿಂದರು, ಇನ್ನೊಂದು ತಿಂದರು. ಆ ಮೇಲೆ ನಾನು ಕೈ ಹಾಕಿದೆ. ಎಲುಬು ಗಟ್ಟಿ, ಗಸಿ ಆ ರವಿವಾರಗಳದ್ದೇ. ನನ್ನ ಬಟ್ಟಲಿನ ರೊಟ್ಟಿ ಮಾತ್ರ ಅಷ್ಟು ಹೊತ್ತಿಗೆ ಮೆತ್ತಗಾಗಿತ್ತು.

ಹೇಗುಂಟು ಎಂದು ಮಾವ ಕೇಳಲಿಲ್ಲ.