ನೀರುಗಂಟಿಯ ಬೆನ್ನ ಹಿಂದೆ

ಪುಷ್ಪ ಮೊದಲನೆಯ ತರಗತಿಯನ್ನು ಕೇಳಿದ್ದು ಕಾಲುವೆ ಏರಿಯ ಮೇಲೆ ನಡೆಯುತ್ತಾ. ಮುಂದೆ ಅಪ್ಪ ಚಿಕ್ಕಸಿದ್ದಯ್ಯ, ಅವನಿಗಿಂತ ಹತ್ತು ಹೆಜ್ಜೆ ಹಿಂದೆ ಅವಳು, ಅವಳ ಕೈಯಲ್ಲಿ ಮೊಬೈಲು. ಮೈಸೂರಿನಿಂದ ಪಾಠ ಹೇಳುತ್ತಿದ್ದ ನರ್ಸ್ ಸ್ಪಂದನಳ ಮುಖ ಒಮ್ಮೆ ಸರಿಯಾಗಿ ಕಾಣುತ್ತಿತ್ತು, ಒಮ್ಮೆ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು. ದಯವಿಟ್ಟು ಎಲ್ಲರೂ ಒಂದು ಕಡೆ ಕೂತು ಕೇಳಿ ಎಂದು ಸ್ಪಂದನ ಹೇಳಿದಾಗ ಪುಷ್ಪ, ಕೂರುವ ಹಾಗಿದ್ದಿದ್ದರೆ ಈ ಪಾಠವೇ ತನಗೆ ಬೇಕಿರಲಿಲ್ಲ ಎಂದಳು. ಒಬ್ಬಿಬ್ಬರು ನಕ್ಕರು. ಅವಳು ನಗಲಿಲ್ಲ. ಅಷ್ಟರಲ್ಲಿ ಅಪ್ಪ ತೂಬಿನ ಹತ್ತಿರ ಬಗ್ಗಿದ್ದ. ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು.

ಚಿಕ್ಕಸಿದ್ದಯ್ಯ ಸತ್ತೇಗಾಲದಲ್ಲಿ ಮೂವತ್ತೆಂಟು ವರ್ಷ ನೀರುಗಂಟಿಯಾಗಿದ್ದವನು. ಕಾಲುವೆಯ ನೀರು ಯಾವ ದಿನ ಯಾರ ಗದ್ದೆಗೆ, ಎಷ್ಟು ಹೊತ್ತು ಎನ್ನುವುದು ಅವನ ನಾಲಗೆಯ ಮೇಲಿತ್ತು. ಯಾವುದನ್ನೂ ಬರೆದಿಟ್ಟವನಲ್ಲ. ಸರದಿ ತಪ್ಪಿಸಿ ಬದು ಕಡಿದವರ ಮನೆ ಮುಂದೆ ಗುದ್ದಲಿ ಊರಿ ನಿಂತನೆಂದರೆ ದೊಡ್ಡ ಹಿಡುವಳಿದಾರರೂ ಮಾತಾಡದೆ ಹೋಗಿ ಬದು ಮುಚ್ಚಿ ಬರುತ್ತಿದ್ದರು. ಹೆಂಡತಿ ತೀರಿ ಹನ್ನೊಂದು ವರ್ಷವಾಗಿತ್ತು. ಮಗ ಶಾಂತರಾಜು ಕೊಳ್ಳೇಗಾಲದಲ್ಲಿ ಸಂಸಾರ ಹೂಡಿ ಗೂಡ್ಸ್ ಆಟೋ ಓಡಿಸುತ್ತಿದ್ದ. ಗಂಡ ಸತ್ತ ಮೇಲೆ ತವರಿಗೆ ಬಂದ ಮಗಳು ಪುಷ್ಪ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿ, ಆ ದುಡಿಮೆಯಲ್ಲೇ ತನ್ನ ಮಗಳನ್ನು ಯಳಂದೂರಿಗೆ ಕೊಟ್ಟು ಮದುವೆ ಮಾಡಿದ್ದಳು.

ಮೂರು ವರ್ಷದ ಕೆಳಗೆ ಮುದುಕ ಒಂದೇ ಗದ್ದೆಗೆ ಎರಡು ಸಲ ನೀರು ಬಿಟ್ಟು ಇನ್ನೊಂದನ್ನು ಒಣಗಿಸಿದ. ಜನ ತಮಾಷೆ ಮಾಡಿದರು. ಆಮೇಲೆ ಒಂದು ದಿನ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಸತ್ತೇಗಾಲದ ಬಸ್ಸುಗಳೆಲ್ಲ ಹೋಗುವುದನ್ನು ನೋಡುತ್ತಾ ಸಂಜೆ ಮಾಡಿದ. ಅರಳುಮರಳು ಎಂದರು ಕೆಲವರು, ಯಾರೋ ಮಾಟ ಮಾಡಿಸಿದ್ದಾರೆ ಎಂದರು ಇನ್ನು ಕೆಲವರು. ಮೈಸೂರಿನ ಡಾಕ್ಟರು ತಲೆಯ ಸ್ಕ್ಯಾನ್ ನೋಡಿ, ಇದು ಡಿಮೆನ್ಷಿಯಾ, ಮರೆವಿನ ಕಾಯಿಲೆ, ಮಾತ್ರೆಯಿಂದ ಸ್ವಲ್ಪ ನಿಧಾನವಾದೀತೇ ಹೊರತು ಹಿಂದಕ್ಕೆ ಹೋಗುವುದಿಲ್ಲ ಎಂದರು. ಅವರು ಹೇಳಿದ್ದು ಅಪ್ಪನ ವಿಚಾರ ಮಾತ್ರ. ಮನೆಯಲ್ಲಿ ನೋಡಿಕೊಳ್ಳುವವಳು ಏನು ಮಾಡಬೇಕೆಂದು ಹೇಳಿದವರಿರಲಿಲ್ಲ. ಅದಕ್ಕೇ ಆಶಾ ಕಾರ್ಯಕರ್ತೆ ವಾಟ್ಸಾಪಿನಲ್ಲಿ ಈ ತರಗತಿಯ ಲಿಂಕ್ ಕಳಿಸಿ, ಹತ್ತು ಬುಧವಾರ, ಸಂಜೆ ನಾಲ್ಕಕ್ಕೆ, ದುಡ್ಡು ಕೊಡಬೇಕಿಲ್ಲ ಎಂದಾಗ ಪುಷ್ಪ ಪೂರ್ತಿ ಓದದೆಯೇ ಒತ್ತಿದ್ದಳು.

ಅವಳ ಕಾಲು ಆಗಲೇ ನಿಲ್ಲುವುದನ್ನು ಮರೆತಿತ್ತು. ಅಪ್ಪನನ್ನು ಮನೆಯಲ್ಲಿ ಬಿಡುವ ಹಾಗಿಲ್ಲವೆಂದು ಶಾಲೆಗೇ ಕರೆತಂದು ಅಡುಗೆಮನೆಯ ಜಗಲಿಯಲ್ಲಿ ಕೂರಿಸುತ್ತಿದ್ದಳು. ಒಗ್ಗರಣೆಗೊಂದು ಸಲ, ಬೇಳೆಗೊಂದು ಸಲ ಹೊರಗೆ ಬಂದು ನೋಡಬೇಕು. ಜಗಲಿ ಖಾಲಿಯಿದ್ದರೆ ಜೊತೆಯವಳಾದ ಪುಟ್ಟಮಾದಮ್ಮನಿಗೆ ಸೌಟು ಕೊಟ್ಟು ಓಡಬೇಕು. ಉಣ್ಣುವಾಗಲೂ ಬಾಗಿಲ ಕಡೆಗೇ ಮುಖ ಮಾಡಿ, ಅರ್ಧ ಎದ್ದವಳ ಹಾಗೆ ಉಣ್ಣುತ್ತಿದ್ದಳು. ಅಪ್ಪ ಮಲಗಿದ್ದಾಗಲೂ ಅವಳ ಕಿವಿ ಚಿಲಕದ ಮೇಲೆ.

ಅದಕ್ಕಿಂತ ಹೆಚ್ಚು ಸುಸ್ತು ಮಾಡುತ್ತಿದ್ದದ್ದು ವಾದ. ನಿಮ್ಮವ್ವ ಎಲ್ಲಿ ಎಂದು ಅಪ್ಪ ಕೇಳುವುದು, ಅವ್ವ ಸತ್ತು ಹನ್ನೊಂದು ವರ್ಷ ಆಯಿತಲ್ಲಪ್ಪ ಎಂದು ಅವಳು ಹೇಳುವುದು, ಆಗತಾನೆ ಸುದ್ದಿ ಬಂದವನ ಹಾಗೆ ಅವನು ಅಳುವುದು. ಹಾಗೆ ದಿನಕ್ಕೆ ಮೂರು ಸಲ, ನಾಲ್ಕು ಸಲ. ಮೂರನೆಯ ತರಗತಿಯಲ್ಲಿ ಸ್ಪಂದನ, ಅವರು ಇರುವ ಕಾಲದಿಂದ ಅವರನ್ನು ನಮ್ಮ ಕಾಲಕ್ಕೆ ಎಳೆದು ತರಬೇಡಿ, ತಿದ್ದುವುದರಿಂದ ನೋವಾಗುತ್ತದೆಯೇ ವಿನಾ ನೆನಪು ಬರುವುದಿಲ್ಲ ಎಂದಳು. ಪುಷ್ಪನಿಗೆ ಸಿಟ್ಟು ಬಂತು. ಹಾಗಾದರೆ ಹೆತ್ತ ಅಪ್ಪನಿಗೆ ಸುಳ್ಳು ಹೇಳಬೇಕೇ ಎಂದು ಕೇಳಿಯೇಬಿಟ್ಟಳು.

ಸ್ಪಂದನ ಉತ್ತರ ಕೊಡುವ ಮೊದಲೇ ಇನ್ನೊಂದು ದನಿ ಬಂತು. ಹನೂರು ಕಡೆಯ ಲೊಕ್ಕನಹಳ್ಳಿಯ ಗುರುಸ್ವಾಮಿಯದು. ಕಾಡಿನ ಅಂಚಿನಲ್ಲಿ ಮನೆ. ಮರೆವು ಹಿಡಿದ ಹೆಂಡತಿ ಆನೆ ಬಂದಿದೆ ಎಂದು ಕೂಗಿದರೂ ಬಾಗಿಲು ತೆರೆದು ಅಂಗಳಕ್ಕಿಳಿಯುತ್ತಾಳೆಂದು ಹಿಂದಿನ ವಾರ ಹೇಳಿಕೊಂಡಿದ್ದ.

"ನಾನು ದಿನಾ ನಾಕು ಸುಳ್ಳು ಏಳ್ತೀನಿ ಕಣವ್ವ," ಎಂದ ಗುರುಸ್ವಾಮಿ. "ದನ ಎಲ್ಲೋದೊ ಅಂತಾಳೆ, ಮೇಯಕ್ಕೋಗವೆ ಅಂತೀನಿ. ದನ ಮಾರಿ ಆರು ವರ್ಸ ಆಯ್ತು. ಮೇಲ್ನೋನು ಕೇಳುದ್ರೆ ನಾನೇ ಉತ್ರ ಕೊಟ್ಕತೀನಿ ಬುಡು."

ಮಾರನೆಯ ದಿನ ಅಪ್ಪ ಎಂದಿನಂತೆ ಅವ್ವನನ್ನು ಕೇಳಿದ. ಪುಷ್ಪನಿಗೆ ಸುಳ್ಳು ಬಾಯಿಗೆ ಬರಲಿಲ್ಲ, ನಿಜವನ್ನೂ ಹೇಳಲಿಲ್ಲ. ಅವ್ವ ಮಾಡುತ್ತಿದ್ದ ಅವರೆಕಾಳಿನ ಸಾರು ಹೇಗಿರುತ್ತಿತ್ತಪ್ಪ ಎಂದು ಕೇಳಿದಳು. ಚಿಕ್ಕಸಿದ್ದಯ್ಯ ಅದನ್ನು ವಿವರಿಸುತ್ತಾ ಮುದ್ದೆಯನ್ನು ಪೂರ್ತಿ ಉಂಡ. ಅಂದು ಅಳು ಇರಲಿಲ್ಲ. ಆದರೆ ಅವ್ವನನ್ನು ತಾನೇ ಎಲ್ಲೋ ಬಚ್ಚಿಟ್ಟಂತಾಗಿ ಪುಷ್ಪ ದಿನವೆಲ್ಲ ಒಳಗೂ ಹೊರಗೂ ತಿರುಗಾಡಿದಳು.

ಅನಾಹುತವಾದದ್ದು ಡಿಸೆಂಬರಿನಲ್ಲಿ. ಕಾಲುವೆ ಪಕ್ಕದ ರೈತ ಸಿದ್ದಮಲ್ಲಪ್ಪನ ಗದ್ದೆಯಲ್ಲಿ ಭತ್ತ ಕುಯ್ದು, ಒಣಗಲೆಂದು ನೆಲದ ಮೇಲೇ ಸಾಲಾಗಿ ಹಾಕಿದ್ದರು. ಅಂದು ಪುಷ್ಪ ನೂರ ಇಪ್ಪತ್ತು ಮಕ್ಕಳ ಅನ್ನದ ಗಂಜಿ ಬಸಿಯುತ್ತಿದ್ದಳು, ಕೈಬಿಡುವ ಹಾಗಿರಲಿಲ್ಲ. ಚಿಕ್ಕಸಿದ್ದಯ್ಯ ಜಗಲಿಯಿಂದ ಎದ್ದವನು ಯಾರದೋ ಗುದ್ದಲಿ ಎತ್ತಿಕೊಂಡು ಹೋಗಿ, ಬದು ಕಡಿದು, ಆ ಗದ್ದೆಗೆ ನೀರು ತಿರುಗಿಸಿದ. ಅವನ ಲೆಕ್ಕದಲ್ಲಿ ಅದು ಸಿದ್ದಮಲ್ಲಪ್ಪನ ಸರದಿ. ಯಾರೋ ನೋಡುವ ಹೊತ್ತಿಗೆ ಅರ್ಧ ಗದ್ದೆಯ ಭತ್ತ ನೀರಿನಲ್ಲಿ ತೇಲುತ್ತಿತ್ತು.

ಸಿದ್ದಮಲ್ಲಪ್ಪ ಶಾಲೆಯ ಗೇಟಿಗೇ ಬಂದ. ಮಕ್ಕಳ ಎದುರಿಗೆ ಕೂಗಾಡುವವನಲ್ಲವಾದ್ದರಿಂದ ತಗ್ಗಿದ ದನಿಯಲ್ಲೇ, ನಿನ್ನಪ್ಪನನ್ನು ಕಟ್ಟಿಹಾಕು, ಇಲ್ಲವಾದರೆ ನಾನು ಪೊಲೀಸಿಗೆ ಹೋಗುತ್ತೇನೆ ಎಂದ. ಆ ತಗ್ಗಿದ ದನಿಯೇ ಪುಷ್ಪನನ್ನು ಹೆಚ್ಚು ಚುಚ್ಚಿತು. ಸಂಜೆ ಕೊಳ್ಳೇಗಾಲದಿಂದ ಬಂದ ಶಾಂತರಾಜು ಒಂದು ಸರಪಳಿ, ಒಂದು ಬೀಗ ತಂದಿದ್ದ. ಮೊಬೈಲ್ ನೋಡಿಕೊಂಡು ಅಪ್ಪನನ್ನು ಸಾಕಲು ಆಗುವುದಿಲ್ಲ, ನಾಳೆಯಿಂದ ನೀನು ಶಾಲೆಗೆ ಹೋಗುವಾಗ ಬೀಗ ಹಾಕಿ ಹೋಗು ಎಂದ. ಪುಷ್ಪನಿಗೆ ವಾದ ಮಾಡುವ ಮುಖ ಉಳಿದಿರಲಿಲ್ಲ.

ಮೂರು ದಿನ ಬೀಗ ಹಾಕಿದಳು. ಮೂರು ದಿನವೂ ಅವಳ ಸಾಂಬಾರು ತಳ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಬಂದು ಬಾಗಿಲು ತೆಗೆದಾಗ ಅಪ್ಪ ಹೊಸ್ತಿಲ ಹತ್ತಿರವೇ ಕೂತಿದ್ದ. ಬಾಗಿಲ ಸಂದಿಗೆ ಬೆರಳು ತೂರಿಸಿ ಎಳೆದೆಳೆದು ಎರಡು ಉಗುರು ಎದ್ದುಬಂದಿದ್ದವು. ರಕ್ತ ಒಣಗಿತ್ತು. ಅವನು ಅಳುತ್ತಿರಲಿಲ್ಲ, ಬೈಯಲೂ ಇಲ್ಲ. ಮಗಳನ್ನು ನೋಡಿ ಕೈಮುಗಿದು, "ಸಾ, ಜನ ಕಾಯ್ತಾವ್ರೆ, ಬುಟ್ಬುಡಿ ಸಾ," ಎಂದ.

ಪುಷ್ಪ ಸರಪಳಿಯನ್ನು ಬಿಚ್ಚಿ ಕೊಟ್ಟಿಗೆಯ ಮೂಲೆಗೆ ಎಸೆದಳು. ಅಣ್ಣನಿಗೆ ಫೋನ್ ಮಾಡಿ ಹೇಳಿದಳು. ಅಪ್ಪ ಕಾಲುವೆಗೆ ಬಿದ್ದು ಸತ್ತರೆ ಪಾಪ ನಿನ್ನ ತಲೆಗೆ ಎಂದ ಅವನು. ಇರಲಿ ಎಂದು ಫೋನ್ ಇಟ್ಟಳು. ಆ ಮಾತು ಅಂದಿನಿಂದ ಅವಳ ಎದೆಯೊಳಗೆ ಇಲಿಯ ಹಾಗೆ ಓಡಾಡತೊಡಗಿತು.

ಆ ಬುಧವಾರ ಅವಳು ಬೀಗದ ವಿಷಯವನ್ನು ಮುಚ್ಚಿಡದೆ ಹೇಳಿದಳು. ಬೈಗುಳಕ್ಕೆ ಕಾದಿದ್ದಳು. ಸ್ಪಂದನ ಬೈಯಲಿಲ್ಲ. ಒಳಗೆ ಬೆಂಕಿ ಬಿದ್ದರೆ ಏನು ಗತಿ ಎಂದಷ್ಟೇ ಕೇಳಿ, ಒಂದು ಕೆಲಸ ಕೊಟ್ಟಳು: ಏಳು ದಿನ, ಅಪ್ಪ ಎದ್ದು ಹೊರಡುವ ಹೊತ್ತು ಬರೆದಿಡಬೇಕು. ಪುಷ್ಪ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದಳು. ದಿನವಿಡೀ ಓಡಿಸುತ್ತಾನೆ ಎಂದುಕೊಂಡಿದ್ದಳಲ್ಲ, ಹಾಗಿರಲಿಲ್ಲ. ಬೆಳಿಗ್ಗೆ ಹನ್ನೊಂದು, ಸಂಜೆ ನಾಲ್ಕು, ಹತ್ತು ನಿಮಿಷ ಆಚೀಚೆ. ಎರಡೂ ನೀರಿನ ಸರದಿ ಬದಲಾಯಿಸುವ ಹೊತ್ತು. ಅವನು ಅಲೆಯುತ್ತಿರಲಿಲ್ಲ, ಕೆಲಸಕ್ಕೆ ಹೊರಡುತ್ತಿದ್ದ. ಆ ಹೊತ್ತಿಗೆ ಯಾರಾದರೂ ಜೊತೆಗೆ ಹೋಗಿ ಬಂದರೆ ಉಳಿದ ಹೊತ್ತು ಅವನು ಕೂರುತ್ತಾನೆ ಎಂದಳು ಸ್ಪಂದನ.

ನಾಲ್ಕಕ್ಕೆ ಪುಷ್ಪ ಹೋಗಬಲ್ಲಳು. ಹನ್ನೊಂದಕ್ಕೆ? ಆ ಹೊತ್ತಿಗೆ ದಿನವೂ ಕಾಲುವೆ ಮೇಲೆ ಹೋಗುವವರು ಯಾರೆಂದು ಯೋಚಿಸಿದಳು. ಒಂದೇ ಹೆಸರು ಹೊಳೆಯಿತು. ಎರಡು ದಿನ ಅವನ ಮನೆಯ ಬೀದಿಯಲ್ಲಿ ಹೋಗಿ ತಿರುಗಿ ಬಂದಳು. ಮೂರನೆಯ ದಿನ ಒಳಗೆ ಹೋದಳು.

ಸಿದ್ದಮಲ್ಲಪ್ಪ ಕೇಳಿ ಎದ್ದೇ ನಿಂತುಬಿಟ್ಟ. ಭತ್ತ ಹಾಳು ಮಾಡಿದವನನ್ನು ನಾನೇ ಕರೆದುಕೊಂಡು ತಿರುಗಬೇಕೇ ಎಂದ. ಪುಷ್ಪ ತಾನು ಬರೆದದ್ದನ್ನು ತೋರಿಸಿದಳು. "ನಿಮ್ಮ ಸರದಿ ತಪ್ಬಾರ್ದು ಅಂತ್ಲೇ ಬಂದಿದ್ದು ನಮ್ಮಪ್ಪ. ಕೆಡ್ಸಕ್ಕಲ್ಲ," ಎಂದಳು. ಸಿದ್ದಮಲ್ಲಪ್ಪ ಆ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಹೊತ್ತನ್ನು ಓದಿದ. ಆಮೇಲೆ, ಹೇಗೂ ಪಂಪ್‌ಸೆಟ್ಟಿಗೆ ಹೋಗುವವನೇ, ಒಂದು ವಾರ ನೋಡೋಣ, ಆದರೆ ಅವನ ಕೈಗೆ ಗುದ್ದಲಿ ಕೊಡಕೂಡದು ಎಂದ.

ಒಂದು ವಾರ ಎರಡು ತಿಂಗಳಾಯಿತು. ಹನ್ನೊಂದಕ್ಕೆ ಸಿದ್ದಮಲ್ಲಪ್ಪ ಶಾಲೆಯ ಗೇಟಿಗೆ ಬಂದು ಕೂಗುವುದು, ಮುದುಕ ಟವೆಲ್ ಕೊಡವಿ ಹೊರಡುವುದು, ಹನ್ನೆರಡೂವರೆಗೆ ಬೆವರಿ ಬಂದು ಮಕ್ಕಳ ಸಾಲಿನ ಕೊನೆಯಲ್ಲಿ ಉಣ್ಣುವುದು. ಪುಷ್ಪನಿಗೆ ಮಾತ್ರ ಆ ಒಂದೂವರೆ ಗಂಟೆ ಸುಖವಾಗಿ ಕಳೆಯಲಿಲ್ಲ. ಬಿಡುವು ಸಿಕ್ಕಿದರೆ ಏನು ಮಾಡಬೇಕೆಂದು ತೋಚದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಫೆಬ್ರವರಿಯಲ್ಲಿ ಕಾಲುವೆಯ ನೀರು ನಿಲ್ಲಿಸಿದರು. ಅದಾದ ಮೂರನೆಯ ದಿನ ಸಿದ್ದಮಲ್ಲಪ್ಪ ಉಸಿರುಗಟ್ಟಿ ಫೋನ್ ಮಾಡಿದ. ಮೋಟರಿನ ಸ್ಟಾರ್ಟರ್ ನೋಡಲು ಶೆಡ್ಡಿನೊಳಗೆ ಹೋದವನು ಈಚೆ ಬರುವಷ್ಟರಲ್ಲಿ ಚಿಕ್ಕಸಿದ್ದಯ್ಯ ಇಲ್ಲ. ಊರಿನವರು ಅವನು ದಿನವೂ ಹೋಗುವ ದಾರಿಯಲ್ಲಿ, ಕಾಲುವೆಯ ಕೆಳಗಿನ ತೂಬುಗಳ ಕಡೆಗೆ ಓಡಿದರು. ಕಬ್ಬಿನ ಗದ್ದೆಗಳಲ್ಲಿ ನುಗ್ಗಿ ಕೂಗಿದರು. ಶಾಂತರಾಜು ಆಟೋದಲ್ಲಿದ್ದ ಸಿಮೆಂಟ್ ಮೂಟೆಗಳ ಸಮೇತ ಬಂದ. ತಂಗಿಯ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದವನು ಹೇಳದೆ ಮುಚ್ಚಿಕೊಂಡ. ಹೇಳಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಪುಷ್ಪನಿಗೆ.

ಅವಳು ಏರಿಯ ಮೇಲೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕುತ್ತಿದ್ದಳು. ಎಲ್ಲಿಗೆ ಹೋದರು ಎಂದು ಹುಡುಕುವ ಮೊದಲು ಯಾವ ಕೆಲಸಕ್ಕೆ ಹೋದರು ಎಂದು ಯೋಚಿಸಿ ಎಂದು ಸ್ಪಂದನ ಒಮ್ಮೆ ಹೇಳಿದ್ದು ನೆನಪಾಯಿತು. ಕೆಳಗೆ ನೋಡಿದಳು. ಕಾಲುವೆಯ ತಳ ಬಿಸಿಲಿಗೆ ಬಿರುಕುಬಿಡುತ್ತಿತ್ತು. ನೀರಿಲ್ಲದಿದ್ದರೆ ನೀರುಗಂಟಿ ಕೆಳಗೆ ಯಾಕೆ ಹೋಗುತ್ತಾನೆ? ಯಾಕೆ ಬರಲಿಲ್ಲವೆಂದು ನೋಡಲು ಮೇಲಕ್ಕೆ ಹೋಗುತ್ತಾನೆ. "ಅಣ್ಣ, ಆಟೋ ತಿರ್ಗುಸು," ಎಂದಳು. "ಧನಗೆರೆ ಕಡೀಕೆ."

ಮೂರು ಮೈಲಿ ಮೇಲೆ, ಧನಗೆರೆಯ ಹತ್ತಿರ, ತೂಬಿನ ಕಬ್ಬಿಣದ ಚಕ್ರಕ್ಕೆ ಒರಗಿ ಚಿಕ್ಕಸಿದ್ದಯ್ಯ ಕೂತಿದ್ದ. ಒಂದು ಕಾಲಲ್ಲಿ ಚಪ್ಪಲಿಯಿಲ್ಲ, ಅಂಗಾಲು ಸುಲಿದಿತ್ತು. ಬಾ ಅಪ್ಪ ಎಂದರೆ ಏಳಲಿಲ್ಲ.

"ನೀರು ಬರ್ದೆ ನಾನೆಂಗ್ಲಾ ಬರ್ಲಿ?" ಎಂದ ಮಗನಿಗೆ. "ಜನಕ್ಕೆ ಏನ್ ಏಳ್ಲಿ?"

ನೀನು ನೀರುಗಂಟಿ ಕೆಲಸ ಬಿಟ್ಟು ವರ್ಷಗಳಾದವು ಎಂದು ಅಣ್ಣ ಈಗ ಹೇಳುತ್ತಾನೆ ಎಂದು ಪುಷ್ಪ ಕಾದಳು. ಶಾಂತರಾಜು ಅಪ್ಪನ ಪಾದ ನೋಡುತ್ತಾ ನಿಂತಿದ್ದವನು ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತ.

"ಇಂಜಿನಿಯರ್ರು ಪೋನ್ ಮಾಡಿದ್ರು ಕಣಪ್ಪ," ಎಂದ. "ನಾಳೀಕೆ ಬುಡ್ತಾರಂತೆ. ನಿನ್ಗೇ ಏಳು ಅಂದ್ರು."

"ಎಸ್ಟೊತ್ಗೆ?"

"ಅನ್ನೊಂದ್ ಗಂಟ್ಗೆ."

ಮುದುಕ ಚಕ್ರ ಹಿಡಿದು ಎದ್ದ. ಸಿಮೆಂಟ್ ಮೂಟೆಗಳ ಮೇಲೆ ಅವನನ್ನು ಕೂರಿಸಿಕೊಂಡು ಪುಷ್ಪ ಅವನ ಸೊಂಟ ಹಿಡಿದುಕೊಂಡಳು. ಊರು ತಲುಪಿದ ಮೇಲೆ ಶಾಂತರಾಜು ಅಪ್ಪನ ಕಾಲು ತೊಳೆಯುತ್ತಾ, ಇನ್ನೂ ಉಗುರು ಸರಿಯಾಗಿ ಬಾರದ ಎರಡು ಕೈಬೆರಳುಗಳನ್ನು ಕಂಡು, ಇದನ್ನು ನನಗೆ ಯಾಕೆ ತೋರಿಸಲಿಲ್ಲ ಎಂದು ಕೇಳಿದ.

"ಆಮೇಲೆ ಬಂದಾಗ್ಲೇ ತೋರುಸ್ದೆ. ನೀನು ಬೀಗ ಎಲ್ಲೋಯ್ತು ಅಂತ ನೋಡ್ತಿದ್ದೆ," ಎಂದಳು ಪುಷ್ಪ.

ಅವಳ ಹತ್ತು ತರಗತಿ ಅಷ್ಟರಲ್ಲಿ ಮುಗಿದಿದ್ದವು. ಮುಂದಿನ ತಂಡಕ್ಕೆ ಶಾಂತರಾಜು ಸೇರಿಕೊಂಡ. ಕೊಳ್ಳೇಗಾಲದ ಮಾರ್ಕೆಟ್ಟಿನ ಹಿಂದೆ ಆಟೋ ನಿಲ್ಲಿಸಿಕೊಂಡು ಕೇಳುತ್ತಿದ್ದನಂತೆ. ಪ್ರಶ್ನೆ ಕೇಳುವುದರಲ್ಲಿ ನಿಮ್ಮಣ್ಣ ನಿಮ್ಮನ್ನೂ ಮೀರಿಸುತ್ತಾರೆ ಎಂದು ಸ್ಪಂದನ ಪುಷ್ಪನಿಗೆ ಹೇಳಿದಳು. ಶನಿವಾರ ಸಂಜೆ ಬಂದು ಭಾನುವಾರ ಪೂರ್ತಿ ಅಪ್ಪನ ಜೊತೆ ಇರುವುದು ಅವನ ಪಾಲಿಗೆ ಬಂತು.

ಕಾಯಿಲೆ ತನ್ನ ದಾರಿಯಲ್ಲಿ ತಾನು ಹೋಗುತ್ತಿದೆ. ಈಚೆಗೆ ಚಿಕ್ಕಸಿದ್ದಯ್ಯ ಅಷ್ಟು ದೂರ ನಡೆಯಲಾರ. ಶಾಲೆಯ ಗೇಟಿನಿಂದ ಮೊದಲನೆಯ ತೂಬಿನವರೆಗೆ ಹೋಗುವಷ್ಟರಲ್ಲಿ ಸಿದ್ದಮಲ್ಲಪ್ಪನ ತೋಳಿಗೆ ಜೋತುಬೀಳುತ್ತಾನೆ. ಮಗಳನ್ನು ಕೆಲವು ದಿನ ತನ್ನ ಹೆತ್ತ ತಾಯಿಯೆಂದು ತಿಳಿದು ಅವ್ವ ಎನ್ನುತ್ತಾನೆ. ಅವಳು ಓಗೊಡುತ್ತಾಳೆ.

ಹೋದ ತಿಂಗಳು ಒಂದು ಭಾನುವಾರ ಅಣ್ಣ ಅವಳನ್ನು ಬಲವಂತವಾಗಿ ಯಳಂದೂರಿಗೆ, ಮಗಳ ಮನೆಗೆ ಕಳಿಸಿದ. ಮೂರು ವರ್ಷದಲ್ಲಿ ಅವಳು ಅಪ್ಪನಿಲ್ಲದೆ ಊರು ದಾಟಿದ್ದು ಅದೇ ಮೊದಲು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೊಳ್ಳೇಗಾಲ ಬರುವ ಮೊದಲೇ ಎರಡು ಸಲ ಫೋನ್ ಮಾಡಿದಳು. ಉಂಡರು, ಮಲಗಿದ್ದಾರೆ ಎಂದ ಅಣ್ಣ. ಮೂರನೆಯ ಸಲ ಅವನೇ ಮಾಡಿ, ಇನ್ನು ಮಾಡಿದರೆ ಎತ್ತುವುದಿಲ್ಲ ಎಂದ. ಸರಿ ಎಂದಳು. ಯಳಂದೂರಿನಲ್ಲಿ ಬಸ್ಸು ನಿಲ್ಲುವ ಮೊದಲೇ ಎದ್ದು ಬಾಗಿಲ ಬಳಿ ಬಂದು ನಿಂತಿದ್ದಳು. ಇಳಿದವಳೇ ಮತ್ತೆ ಫೋನ್ ಮಾಡಿದಳು. ಅಣ್ಣ ಎತ್ತಿದ.